ಗ್ರೇಡ್, ಕ್ರೆಡಿಟ್, ಸಿಜಿಪಿಎ: ಕಾಲೇಜು ಫಲಿತಾಂಶದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ಎಂಜಿನಿಯರಿಂಗ್ ಮತ್ತು ಪದವಿ ಕಾಲೇಜುಗಳ ವಿದ್ಯಾರ್ಥಿಗಳೂ ಅವರ ತಂದೆತಾಯಂದಿರೂ ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಸಾಧ್ಯವಾದಷ್ಟು ಅವರ ಮಾತಿನಲ್ಲಿಯೇ ಇಲ್ಲಿ ಕೊಟ್ಟಿದೆ. ಉದಾಹರಣೆಗಳು ಹೆಚ್ಚಾಗಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದವು, ಅಂದರೆ ವಿಟಿಯುನವು. ಒಂದೇ ವಿಶ್ವವಿದ್ಯಾಲಯದೊಳಗೂ ಪ್ರವೇಶ ಪಡೆದ ವರ್ಷಕ್ಕೆ ತಕ್ಕಂತೆ ಸ್ಕೀಮ್, ಅಂದರೆ ಪಠ್ಯಕ್ರಮ ಮತ್ತು ಪರೀಕ್ಷಾ ನಿಯಮಗಳ ಚೌಕಟ್ಟು, ಬದಲಾಗುವುದರಿಂದ, ಕೊನೆಯ ಮಾತು ಯಾವತ್ತೂ ನಿಮ್ಮ ಸ್ಕೀಮಿನ ನಿಯಮಾವಳಿಯದು.

## ಮೊದಲು ತಿಳಿಯಬೇಕಾದವು

ಮಗಳ ರಿಸಲ್ಟ್‌ನಲ್ಲಿ 7.30 ಅಂತಷ್ಟೇ ಇದೆ. ಇದು ಫಸ್ಟ್ ಕ್ಲಾಸೋ, ಡಿಸ್ಟಿಂಕ್ಷನ್ನೋ?

ನಮ್ಮ ಮನೆಗಳಲ್ಲಿ ಫಲಿತಾಂಶ ಬಂದ ದಿನ ಈಗಲೂ ಕೇಳುವುದು "ಎಷ್ಟು ಪರ್ಸೆಂಟ್ ಬಂತು" ಎಂದೇ ಆದ್ದರಿಂದ ಈ ಗೊಂದಲ ಸಹಜವಾದದ್ದು. 7.30 ಎಂಬುದು ಹತ್ತರ ಮಾಪಕದಲ್ಲಿ ಆ ಒಂದು ಸೆಮಿಸ್ಟರಿನ ಸರಾಸರಿ. ಅದನ್ನು ಎಸ್‌ಜಿಪಿಎ ಎನ್ನುತ್ತಾರೆ. ಒಂದು ಸೆಮಿಸ್ಟರಿಗೆ ಕ್ಲಾಸ್ ಎಂಬುದು ಇರುವುದಿಲ್ಲ. ಪ್ರಥಮ ದರ್ಜೆ, ಡಿಸ್ಟಿಂಕ್ಷನ್ ಇವೆಲ್ಲ ನಿರ್ಧಾರವಾಗುವುದು ಕೋರ್ಸಿನ ಕೊನೆಯಲ್ಲಿ, ಎಲ್ಲ ಸೆಮಿಸ್ಟರುಗಳನ್ನೂ ಸೇರಿಸಿ ಬರುವ ಸಿಜಿಪಿಎ ಮೇಲೆ. ಹಾಗಾಗಿ ಮೊದಲ ವರ್ಷದಲ್ಲೇ ಮಗಳು ಯಾವ ದರ್ಜೆಯವಳು ಎಂದು ತೀರ್ಮಾನಿಸುವ ಅಗತ್ಯವಿಲ್ಲ, ತೀರ್ಮಾನಿಸಲು ಬರುವುದೂ ಇಲ್ಲ.

ನೂರಕ್ಕೆ ಇಷ್ಟು ಅಂತ ಚೆನ್ನಾಗಿ ಅರ್ಥ ಆಗ್ತಿತ್ತು. ಅದನ್ನ ಬಿಟ್ಟು ಈ ಗ್ರೇಡ್ ಯಾಕೆ ತಂದರು?

ವಿಶ್ವವಿದ್ಯಾಲಯ ಅನುದಾನ ಆಯೋಗವು, ಅಂದರೆ ಯುಜಿಸಿಯು, ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಯನ್ನು ದೇಶದ ವಿಶ್ವವಿದ್ಯಾಲಯಗಳಿಗೆ ಶಿಫಾರಸು ಮಾಡಿದಾಗ ಅದರ ಜೊತೆಗೆ ಹತ್ತು ಅಂಶಗಳ ಗ್ರೇಡ್ ಮಾಪಕವನ್ನೂ ಕೊಟ್ಟಿತು. ಅದರಲ್ಲಿ ಓ ಗ್ರೇಡಿಗೆ 10, ಎ ಪ್ಲಸ್‌ಗೆ 9, ಎಗೆ 8, ಬಿ ಪ್ಲಸ್‌ಗೆ 7, ಬಿಗೆ 6, ಸಿಗೆ 5, ತೇರ್ಗಡೆಯ ಪಿಗೆ 4 ಅಂಶಗಳು. ಅನುತ್ತೀರ್ಣತೆಯ ಎಫ್‌ಗೂ ಗೈರುಹಾಜರಿಗೂ ಸೊನ್ನೆ. ಒಂದು ವಿಶ್ವವಿದ್ಯಾಲಯ ಅಂಕಗಳನ್ನು ಧಾರಾಳವಾಗಿ ಕೊಟ್ಟು ಇನ್ನೊಂದು ಬಿಗಿ ಹಿಡಿಯುವ ಸ್ಥಿತಿಯಲ್ಲಿ ಸಾಮಾನ್ಯವಾದ ಒಂದು ಅಳತೆಗೋಲು ಬೇಕು, ಓದಿದ ಕ್ರೆಡಿಟ್ಟುಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕು ಎಂಬುದು ಉದ್ದೇಶ.

ಇದರ ಹಿಂದೆ ಇನ್ನೊಂದು ಪ್ರಾಮಾಣಿಕ ಕಾರಣವೂ ಇದೆ. ಒಂದೇ ಉತ್ತರಪತ್ರಿಕೆಯನ್ನು ಇಬ್ಬರು ಮೌಲ್ಯಮಾಪಕರಿಗೆ ಕೊಟ್ಟರೆ ನಾಲ್ಕೈದು ಅಂಕಗಳ ವ್ಯತ್ಯಾಸ ಬರುವುದು ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡಿದ ಯಾರಿಗೂ ಹೊಸತಲ್ಲ. 71ಕ್ಕೂ 73ಕ್ಕೂ ನಿಜವಾದ ಅಂತರವಿದೆ ಎಂದು ನಟಿಸುವುದಕ್ಕಿಂತ ಇಬ್ಬರನ್ನೂ ಒಂದೇ ಗ್ರೇಡಿನಲ್ಲಿ ಇಡುವುದು ಮೇಲು. ಆದರೆ 79ಕ್ಕೂ 80ಕ್ಕೂ ನಡುವೆ ಗೋಡೆ ಕಟ್ಟಿದಾಗ ಅದೇ ಸಮಸ್ಯೆ ಬೇರೊಂದು ಕಡೆ ತಲೆ ಎತ್ತುತ್ತದೆ.

ಕ್ರೆಡಿಟ್ ಅಂದರೇನು? ಒಂದೊಂದು ಸಬ್ಜೆಕ್ಟ್‌ಗೆ ಒಂದೊಂದು ಥರ ಯಾಕೆ?

ಒಂದು ವಿಷಯಕ್ಕೆ ವಾರದಲ್ಲಿ ಎಷ್ಟು ಬೋಧನೆ ನಡೆಯುತ್ತದೆ ಎಂಬುದರ ಅಳತೆ ಕ್ರೆಡಿಟ್. ಸೆಮಿಸ್ಟರ್ ಪೂರ್ತಿ ವಾರಕ್ಕೆ ಒಂದು ಗಂಟೆಯ ಪಾಠ ಅಥವಾ ಟ್ಯುಟೋರಿಯಲ್ ನಡೆದರೆ ಒಂದು ಕ್ರೆಡಿಟ್. ಪ್ರಯೋಗಾಲಯವಾದರೆ ವಾರಕ್ಕೆ ಎರಡು ಗಂಟೆಗೆ ಒಂದು ಕ್ರೆಡಿಟ್. ಪಠ್ಯಕ್ರಮದಲ್ಲಿ 3-0-2 ಎಂದು ಬರೆದಿದ್ದರೆ ಮೂರು ಗಂಟೆ ಪಾಠ, ಟ್ಯುಟೋರಿಯಲ್ ಇಲ್ಲ, ಎರಡು ಗಂಟೆ ಲ್ಯಾಬ್ ಎಂದರ್ಥ. ಒಟ್ಟು ನಾಲ್ಕು ಕ್ರೆಡಿಟ್. ವಿಟಿಯುನಲ್ಲಿ ಸಾಂಸ್ಕೃತಿಕ ಕನ್ನಡ ಅಥವಾ ಬಳಕೆ ಕನ್ನಡಕ್ಕೆ ಒಂದೇ ಕ್ರೆಡಿಟ್ ಇರುವುದೂ, ಮುಖ್ಯ ವಿಷಯಗಳಿಗೆ ಮೂರು ನಾಲ್ಕು ಇರುವುದೂ ಈ ಲೆಕ್ಕದಿಂದಲೇ. ಎಂಜಿನಿಯರಿಂಗ್ ಪದವಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ, ಅಂದರೆ ಎಐಸಿಟಿಇಯ, ಮಾದರಿ ಪಠ್ಯಕ್ರಮ ನಿಗದಿ ಮಾಡಿರುವ ಒಟ್ಟು ಮೊತ್ತ 160 ಕ್ರೆಡಿಟ್. ವಿಷಯ ಕಷ್ಟವೋ ಸುಲಭವೋ ಎಂಬುದಕ್ಕೂ ಕ್ರೆಡಿಟ್ಟಿಗೂ ಸಂಬಂಧವಿಲ್ಲ.

## ಲೆಕ್ಕ ಹಾಕುವ ರೀತಿ

ಎಲ್ಲಾ ಗ್ರೇಡ್ ಪಾಯಿಂಟ್ ಕೂಡಿಸಿ ಎಂಟರಿಂದ ಭಾಗಿಸಿದರೆ ನನಗೆ 7.88 ಬರುತ್ತೆ. ಕಾರ್ಡ್‌ನಲ್ಲಿ 7.30 ಇದೆ. ತಪ್ಪು ಯಾರದು?

ಕಾರ್ಡಿನಲ್ಲಿರುವುದೇ ಸರಿ. ಎಸ್‌ಜಿಪಿಎ ಎಂಬುದು ಸಾದಾ ಸರಾಸರಿಯಲ್ಲ, ತೂಕದ ಸರಾಸರಿ. ಪ್ರತಿ ವಿಷಯದ ಗ್ರೇಡ್ ಅಂಶವನ್ನು ಅದರ ಕ್ರೆಡಿಟ್ಟಿನಿಂದ ಗುಣಿಸಿ, ಬಂದ ಗುಣಲಬ್ಧಗಳನ್ನೆಲ್ಲ ಕೂಡಿಸಿ, ಒಟ್ಟು ಕ್ರೆಡಿಟ್ಟಿನಿಂದ ಭಾಗಿಸಬೇಕು. ನೀವು ಬರೆದ ಸೆಮಿಸ್ಟರನ್ನೇ ತೆಗೆದುಕೊಳ್ಳೋಣ:

ಗಣಿತ: 4 ಕ್ರೆಡಿಟ್, ಎ, 4 × 8 = 32
ಭೌತವಿಜ್ಞಾನ: 4 ಕ್ರೆಡಿಟ್, ಬಿ ಪ್ಲಸ್, 4 × 7 = 28
ಪ್ರೋಗ್ರಾಮಿಂಗ್: 3 ಕ್ರೆಡಿಟ್, ಎ ಪ್ಲಸ್, 3 × 9 = 27
ಎಲೆಕ್ಟ್ರಾನಿಕ್ಸ್: 3 ಕ್ರೆಡಿಟ್, ಬಿ, 3 × 6 = 18
ಮೆಕ್ಯಾನಿಕಲ್: 3 ಕ್ರೆಡಿಟ್, ಪಿ, 3 × 4 = 12
ಇಂಗ್ಲಿಷ್: 1 ಕ್ರೆಡಿಟ್, ಓ, 1 × 10 = 10
ಕನ್ನಡ: 1 ಕ್ರೆಡಿಟ್, ಓ, 1 × 10 = 10
ಆರೋಗ್ಯ ವಿಷಯ: 1 ಕ್ರೆಡಿಟ್, ಎ ಪ್ಲಸ್, 1 × 9 = 9

ಮೊತ್ತ 146, ಕ್ರೆಡಿಟ್ 20, ಭಾಗಿಸಿದರೆ 7.30. ನಿಮ್ಮ ಅತ್ಯುತ್ತಮ ಗ್ರೇಡುಗಳಲ್ಲಿ ಮೂರು ಒಂದೊಂದೇ ಕ್ರೆಡಿಟ್ಟಿನ ವಿಷಯಗಳಲ್ಲಿ ಬಂದಿವೆ. ಸಾದಾ ಸರಾಸರಿ ಅವಕ್ಕೆ ಗಣಿತದಷ್ಟೇ ತೂಕ ಕೊಟ್ಟದ್ದರಿಂದ ನಿಮ್ಮ ಲೆಕ್ಕ ಉಬ್ಬಿತು. ಇದೇ ಸೆಮಿಸ್ಟರಿನಲ್ಲಿ ಮೆಕ್ಯಾನಿಕಲ್ ವಿಷಯದಲ್ಲಿ ಪಿ ಬದಲು ಬಿ ಪ್ಲಸ್ ಬಂದಿದ್ದರೆ ಮೊತ್ತ 155 ಆಗಿ ಎಸ್‌ಜಿಪಿಎ 7.75ಕ್ಕೆ ಏರುತ್ತಿತ್ತು. ಓದುವ ಸಮಯವನ್ನು ಹಂಚಿಕೊಳ್ಳುವಾಗ ಕ್ರೆಡಿಟ್ ಕಾಲಮ್ಮನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು ಎನ್ನುವುದು ಇದಕ್ಕೇ.

ಮೂರು ಸೆಮ್‌ನ ಎಸ್‌ಜಿಪಿಎ ಸರಾಸರಿ ತೆಗೆದರೆ ಸಿಜಿಪಿಎ ಸಿಗುತ್ತಲ್ವಾ?

ಎಲ್ಲ ಸೆಮಿಸ್ಟರುಗಳ ಕ್ರೆಡಿಟ್ ಸಮನಾಗಿದ್ದರೆ ಮಾತ್ರ ಸಿಗುತ್ತದೆ. ಮೊದಲ ಸೆಮಿಸ್ಟರಿನಲ್ಲಿ 20 ಕ್ರೆಡಿಟ್ಟಿಗೆ 7.30, ಎರಡನೆಯದರಲ್ಲಿ 20 ಕ್ರೆಡಿಟ್ಟಿಗೆ 8.10, ಮೂರನೆಯದರಲ್ಲಿ 24 ಕ್ರೆಡಿಟ್ಟಿಗೆ 6.50 ಬಂದಿದೆ ಎಂದುಕೊಳ್ಳಿ. ಸಾದಾ ಸರಾಸರಿ 7.30. ಆದರೆ 146, 162 ಮತ್ತು 156 ಕೂಡಿದರೆ 464. ಅದನ್ನು 64ರಿಂದ ಭಾಗಿಸಿದರೆ 7.25. ವ್ಯತ್ಯಾಸ ಸಣ್ಣದು ಎನಿಸಬಹುದು, ಆದರೆ ಅರ್ಜಿ ನಮೂನೆಯಲ್ಲಿ ಎರಡು ದಶಮಾಂಶದವರೆಗೆ ತುಂಬಬೇಕಾದಾಗ ನೀವು ಬರೆದದ್ದಕ್ಕೂ ಗ್ರೇಡ್ ಕಾರ್ಡಿನಲ್ಲಿರುವುದಕ್ಕೂ ತಾಳೆಯಾಗದೆ ಹೋಗುತ್ತದೆ. ಕಾರ್ಡಿನಲ್ಲಿ ಅಚ್ಚಾದ ಸಂಖ್ಯೆಯನ್ನೇ ಬರೆಯಿರಿ.

ಇಂಟರ್ನಲ್ಸ್‌ನಲ್ಲಿ 48 ಇದೆ, ಎಕ್ಸಾಮ್‌ನಲ್ಲಿ 15 ಬಂದಿದೆ. ಒಟ್ಟು 63. ಆದ್ರೂ ಎಫ್ ಕೊಟ್ಟಿದ್ದಾರೆ, ಅನ್ಯಾಯ ಅಲ್ವಾ?

ತೇರ್ಗಡೆಗೆ ಒಟ್ಟು ಅಂಕವೊಂದೇ ಸಾಲದು. ವಿಟಿಯುನ 2022ರ ಸ್ಕೀಮಿನಲ್ಲಿ ನಿರಂತರ ಆಂತರಿಕ ಮೌಲ್ಯಮಾಪನಕ್ಕೆ 50, ಸೆಮಿಸ್ಟರ್ ಅಂತ್ಯದ ಪರೀಕ್ಷೆಗೆ 50. ಪರೀಕ್ಷೆಯನ್ನು ನೂರು ಅಂಕಗಳಿಗೆ ಬರೆಸಿ ಐವತ್ತಕ್ಕೆ ಇಳಿಸುತ್ತಾರೆ. ಆಂತರಿಕದಲ್ಲಿ ಕನಿಷ್ಠ ಶೇಕಡ 40, ಅಂದರೆ 20. ಅಂತಿಮ ಪರೀಕ್ಷೆಯಲ್ಲಿ ಕನಿಷ್ಠ ಶೇಕಡ 35, ಅಂದರೆ 18. ಎರಡೂ ಸೇರಿ ಕನಿಷ್ಠ 40. ಈ ಮೂರು ಷರತ್ತುಗಳನ್ನೂ ದಾಟಬೇಕು. ನಿಮ್ಮ ವಿಷಯದಲ್ಲಿ ಎಡವಿರುವುದು ಎರಡನೆಯ ಷರತ್ತಿನಲ್ಲಿ.

ಅನ್ಯಾಯವೇ ಎಂದರೆ, ನನಗೆ ಹಾಗೆ ಅನಿಸುವುದಿಲ್ಲ. ಆಂತರಿಕ ಅಂಕ ಕೊಡುವುದು ಆಯಾ ಕಾಲೇಜು, ಅಂತಿಮ ಪರೀಕ್ಷೆ ವಿಶ್ವವಿದ್ಯಾಲಯದ್ದು. ಎರಡಕ್ಕೂ ಪ್ರತ್ಯೇಕ ಕನಿಷ್ಠ ಇಲ್ಲದಿದ್ದರೆ ಕೈಸಡಿಲದ ಕಾಲೇಜುಗಳಲ್ಲಿ ಪರೀಕ್ಷೆಗೆ ಅರ್ಥವೇ ಉಳಿಯುತ್ತಿರಲಿಲ್ಲ.

ನನ್ನ ಸ್ನೇಹಿತನಿಗಿಂತ ನನ್ನ ಒಟ್ಟು ಅಂಕ ಜಾಸ್ತಿ, ಆದರೆ ಅವನ ಎಸ್‌ಜಿಪಿಎ ಜಾಸ್ತಿ. ಹೇಗೆ ಸಾಧ್ಯ?

ಸಾಧ್ಯ, ಈ ಪದ್ಧತಿಯ ಸ್ವಭಾವವೇ ಅದು. 90ರಿಂದ ಓ, 80ರಿಂದ ಎ ಪ್ಲಸ್, 70ರಿಂದ ಎ, 60ರಿಂದ ಬಿ ಪ್ಲಸ್ ಎಂಬ ಪಟ್ಟಿಗಳನ್ನು, ಅಂದರೆ ಒಂದೊಂದು ಗ್ರೇಡಿನ ಅಂಕಗಳ ವ್ಯಾಪ್ತಿಯನ್ನು, ಇಟ್ಟುಕೊಂಡು ಐದು ಸಮಾನ ಕ್ರೆಡಿಟ್ಟಿನ ವಿಷಯಗಳನ್ನು ನೋಡಿ. ನಿಮಗೆ ಐದರಲ್ಲೂ 79 ಬಂದಿದ್ದರೆ ಒಟ್ಟು 395. ಗ್ರೇಡ್ ಐದೂ ಎ, ಎಸ್‌ಜಿಪಿಎ 8.00. ಸ್ನೇಹಿತನಿಗೆ ಮೂರರಲ್ಲಿ 80, ಎರಡರಲ್ಲಿ 70 ಬಂದಿದ್ದರೆ ಒಟ್ಟು 380 ಮಾತ್ರ. ಆದರೆ ಮೂರು 9, ಎರಡು 8 ಸೇರಿ ಎಸ್‌ಜಿಪಿಎ 8.60. ಹದಿನೈದು ಅಂಕ ಕಡಿಮೆ ಪಡೆದವನು 0.60 ಮುಂದೆ ಹೋದ. ಪಟ್ಟಿಯ ಅಂಚನ್ನು ದಾಟಿದ ಅಂಕಕ್ಕೆ ಮಾತ್ರ ಬೆಲೆ, ಪಟ್ಟಿಯ ಒಳಗಿನ ಅಂಕಕ್ಕೆ ಇಲ್ಲ. ಎಂಟು ಸೆಮಿಸ್ಟರುಗಳಲ್ಲಿ ಇಂಥ ಲಾಭನಷ್ಟಗಳು ಸಾಕಷ್ಟು ಮಟ್ಟಿಗೆ ಸರಿದೂಗುತ್ತವೆ, ಒಂದು ಸೆಮಿಸ್ಟರಿನಲ್ಲಿ ಎದ್ದು ಕಾಣುತ್ತವೆ. 60ರ ಕೆಳಗಿನ ಪಟ್ಟಿಗಳನ್ನು ಒಂದೊಂದು ವಿಶ್ವವಿದ್ಯಾಲಯ ಒಂದೊಂದು ಬಗೆಯಲ್ಲಿ ಕತ್ತರಿಸಿಕೊಂಡಿರುವುದರಿಂದ ಅವನ್ನು ನಿಮ್ಮ ನಿಯಮಾವಳಿಯಲ್ಲೇ ನೋಡಬೇಕು.

## ಬ್ಯಾಕ್, ರಿವ್ಯಾಲ್ಯುಯೇಷನ್, ಏರಿಳಿತ

ಒಂದು ಬ್ಯಾಕ್ ಆದರೆ ಸಿಜಿಪಿಎ ಎಷ್ಟು ಬೀಳುತ್ತೆ? ಆಮೇಲೆ ಪಾಸ್ ಮಾಡಿದರೆ ವಾಪಸ್ ಬರುತ್ತಾ?

ಬ್ಯಾಕ್ ಅಂದರೆ ಫೇಲಾಗಿ ಬಾಕಿ ಉಳಿದ ವಿಷಯ. ಅದರ ಗ್ರೇಡ್ ಎಫ್, ಎಫ್‌ಗೆ ಸೊನ್ನೆ ಅಂಶ. ಯುಜಿಸಿ ಸೂತ್ರದ ಪ್ರಕಾರ ವಿದ್ಯಾರ್ಥಿ ತೆಗೆದುಕೊಂಡ ಎಲ್ಲ ವಿಷಯಗಳ ಕ್ರೆಡಿಟ್ಟೂ ಛೇದದಲ್ಲಿ ಉಳಿಯುವುದರಿಂದ ಹೊಡೆತ ಜೋರಾಗಿಯೇ ಬೀಳುತ್ತದೆ. 20 ಕ್ರೆಡಿಟ್ಟಿನ ಸೆಮಿಸ್ಟರಿನಲ್ಲಿ 146 ಅಂಶ ಪಡೆದವನು ನಾಲ್ಕು ಕ್ರೆಡಿಟ್ಟಿನ, ಎ ಬರಬೇಕಿದ್ದ ಗಣಿತದಲ್ಲಿ ಫೇಲಾದರೆ ಮೊತ್ತ 114ಕ್ಕಿಳಿದು 7.30 ಇದ್ದದ್ದು 5.70 ಆಗುತ್ತದೆ. ಮುಂದಿನ ಬಾರಿ ಅದನ್ನು ಪಿ ಗ್ರೇಡಿನಲ್ಲಿ ಪಾಸು ಮಾಡಿಕೊಂಡರೆ 130 ಅಂಶ, 6.50. ಅಂದರೆ ಎಲ್ಲ ವಾಪಸು ಬರುವುದಿಲ್ಲ. ನೀವು ಎರಡನೆಯ ಸಲ ಗಳಿಸಿದ ಗ್ರೇಡಿನಷ್ಟು ಮಾತ್ರ ಬರುತ್ತದೆ. ಕೆಲವು ವಿಶ್ವವಿದ್ಯಾಲಯಗಳು ಬ್ಯಾಕ್ ತೀರುವವರೆಗೆ ಆ ಸೆಮಿಸ್ಟರಿನ ಸರಾಸರಿಯನ್ನೇ ಮುದ್ರಿಸುವುದಿಲ್ಲ.

ಅಂಕಕ್ಕಿಂತ ಹೆಚ್ಚಾಗಿ ಕಾಡುವುದು ಅದರ ನೆರಳು. ರ‍್ಯಾಂಕು, ಚಿನ್ನದ ಪದಕಗಳನ್ನು ಸಾಮಾನ್ಯವಾಗಿ ಎಲ್ಲ ವಿಷಯಗಳನ್ನೂ ಮೊದಲ ಯತ್ನದಲ್ಲೇ ಪಾಸು ಮಾಡಿದವರಿಗೆ ಮೀಸಲಿಡುತ್ತಾರೆ. ಬ್ಯಾಕುಗಳು ಮಿತಿ ಮೀರಿ ಗುಡ್ಡೆ ಬಿದ್ದರೆ ಮುಂದಿನ ವರ್ಷಕ್ಕೆ ಹೋಗಲು ಬಿಡದೆ ಇಯರ್ ಬ್ಯಾಕ್ ಆಗುತ್ತದೆ.

ರಿವ್ಯಾಲ್ಯುಯೇಷನ್‌ಗೆ ಹಾಕಲಾ ಬೇಡವಾ? 72 ಬಂದಿದೆ, 77 ನಿರೀಕ್ಷೆ ಇತ್ತು.

ನಿಮ್ಮ ನಿರೀಕ್ಷೆ ಪೂರ್ತಿ ನಿಜವಾದರೂ ಗ್ರೇಡ್ ಬದಲಾಗುವುದಿಲ್ಲ. 72ಕ್ಕೂ 77ಕ್ಕೂ ಎ ಗ್ರೇಡೇ. ಆದ್ದರಿಂದ ಹಣ ಕಟ್ಟುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ "ಎಷ್ಟು ಅಂಕ ಹೆಚ್ಚಬಹುದು" ಎಂಬುದಲ್ಲ, "ಯಾವ ಅಂಚನ್ನು ದಾಟಬಹುದು" ಎಂಬುದು. 78, 79 ಬಂದು ನಿಂತವರು, ಪಾಸಿನ ಗಡಿಗಿಂತ ಎರಡು ಮೂರು ಅಂಕ ಕೆಳಗೆ ಸಿಕ್ಕಿಕೊಂಡವರು ಅರ್ಜಿ ಹಾಕುವುದರಲ್ಲಿ ಅರ್ಥವಿದೆ. ಉತ್ತರಪತ್ರಿಕೆಯ ಛಾಯಾಪ್ರತಿ ಪಡೆಯುವ ಅವಕಾಶವಿದ್ದರೆ ಮೊದಲು ಅದನ್ನು ತರಿಸಿ, ವಿಷಯ ಬಲ್ಲ ಮೇಷ್ಟ್ರಿಗೆ ತೋರಿಸಿ, ಆಮೇಲೆ ತೀರ್ಮಾನಿಸಿ. ಕೊನೆಯ ದಿನಾಂಕ ಬಹಳ ಹತ್ತಿರವಿರುತ್ತದೆ, ಫಲಿತಾಂಶದ ಬೇಸರದಲ್ಲಿ ಅದನ್ನು ಕಳೆದುಕೊಳ್ಳುವವರೇ ಹೆಚ್ಚು.

ಆರು ಸೆಮ್ ಮುಗಿದಿದೆ, 6.60 ಇದೆ. ಇನ್ನೆರಡು ಸೆಮ್‌ನಲ್ಲಿ 7.75 ಮಾಡಬಹುದಾ ಸರ್?

ಆಗುವುದಿಲ್ಲ. ಇದನ್ನು ಮೊದಲೇ ತಿಳಿದುಕೊಳ್ಳುವುದು ಮೇಲು. 160 ಕ್ರೆಡಿಟ್ಟಿನಲ್ಲಿ ನೀವು 120 ಮುಗಿಸಿದ್ದೀರಿ ಎಂದುಕೊಂಡರೆ ಕೈಯಲ್ಲಿರುವ ಅಂಶ 792. ಕೊನೆಗೆ 7.75 ಬೇಕಾದರೆ ಒಟ್ಟು 1240 ಆಗಬೇಕು. ಉಳಿದ 40 ಕ್ರೆಡಿಟ್ಟಿನಲ್ಲಿ 448 ಗಳಿಸಬೇಕು, ಅಂದರೆ ಹತ್ತಕ್ಕೆ 11.2. ಎಲ್ಲದರಲ್ಲೂ ಓ ಬಂದರೂ ನೀವು ತಲುಪುವ ತುದಿ 7.45. ಆದರೆ 7.00ಕ್ಕೆ ಬೇಕಾದದ್ದು 328 ಅಂಶ, ಸರಾಸರಿ 8.20. ಕಷ್ಟ, ಆದರೆ ಆಗದ್ದೇನಲ್ಲ. ಕೊನೆಯ ವರ್ಷದಲ್ಲಿ ಪ್ರಾಜೆಕ್ಟ್ ಮತ್ತು ಇಂಟರ್ನ್‌ಶಿಪ್‌ಗಳಿಗೆ ದೊಡ್ಡ ಕ್ರೆಡಿಟ್ ಇರುತ್ತದೆ; ಅವುಗಳಲ್ಲಿ ಗ್ರೇಡ್ ಸಾಮಾನ್ಯವಾಗಿ ಲಿಖಿತ ಪರೀಕ್ಷೆಗಿಂತ ಚೆನ್ನಾಗಿ ಬರುತ್ತದೆ. ಈ ಲೆಕ್ಕವನ್ನು ನಾಲ್ಕನೆಯ ಸೆಮಿಸ್ಟರಿನಲ್ಲೇ ಮಾಡಿಕೊಂಡವರಿಗೆ ದಾರಿ ಇನ್ನೂ ಅಗಲವಾಗಿರುತ್ತದೆ.

ಆ್ಯಕ್ಟಿವಿಟಿ ಪಾಯಿಂಟ್ಸ್, ಯೋಗ, ಎನ್‌ಎಸ್‌ಎಸ್ ಇವೆಲ್ಲ ಸಿಜಿಪಿಎಗೆ ಸೇರುತ್ತಾ?

ತರಗತಿಯ ಹೊರಗಿನ ಚಟುವಟಿಕೆಗಳಿಗೆ ಸಿಗುವ ಎಐಸಿಟಿಇ ಆ್ಯಕ್ಟಿವಿಟಿ ಪಾಯಿಂಟುಗಳು ಸಿಜಿಪಿಎಗೆ ಸೇರುವುದಿಲ್ಲ, ಆದರೆ ಅವಿಲ್ಲದೆ ಪದವಿಯೂ ಸಿಗುವುದಿಲ್ಲ. ಮೊದಲ ವರ್ಷದಿಂದ ಓದುವವರಿಗೆ 100, ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೆಯ ವರ್ಷಕ್ಕೆ ಬಂದವರಿಗೆ 75. ಯೋಗ, ಎನ್‌ಎಸ್‌ಎಸ್‌ನಂಥ, ಕ್ರೆಡಿಟ್ ಇಲ್ಲದ ಕಡ್ಡಾಯ ವಿಷಯಗಳದ್ದೂ ಇದೇ ಕಥೆ: ಪಾಸಾಗಿರಬೇಕು, ಸರಾಸರಿಯಲ್ಲಿ ಕಾಣಿಸುವುದಿಲ್ಲ. ಕೊನೆಯ ಸೆಮಿಸ್ಟರಿನಲ್ಲಿ ಕೆಲಸ ಸಿಕ್ಕಿ, ಪ್ರಮಾಣಪತ್ರ ಮಾತ್ರ ತಡೆಹಿಡಿದಿರುವ ಪ್ರಕರಣಗಳಲ್ಲಿ ಎಷ್ಟೋ ಸಲ ಕಾರಣ ಇಷ್ಟೇ ಆಗಿರುತ್ತದೆ.

ಡಿಪ್ಲೊಮಾ ಮಾಡಿ ಲ್ಯಾಟರಲ್ ಎಂಟ್ರಿಯಲ್ಲಿ ಬಂದೆ. ಮೊದಲ ಎರಡು ಸೆಮ್ ನನಗೆ ಇಲ್ಲ. ಸಿಜಿಪಿಎ ಹೇಗೆ?

ಮೂರನೆಯ ಸೆಮಿಸ್ಟರಿನಿಂದ ಎಂಟರವರೆಗಿನ ಕ್ರೆಡಿಟ್ಟುಗಳೇ ನಿಮ್ಮ ಲೆಕ್ಕ; ಡಿಪ್ಲೊಮಾದ ಅಂಕ ಇದರೊಳಗೆ ಬರುವುದಿಲ್ಲ. ಛೇದ ಚಿಕ್ಕದಾದ್ದರಿಂದ ಒಂದೊಂದು ಸೆಮಿಸ್ಟರಿನ ತೂಕ ನಿಮಗೆ ಬೇರೆಯವರಿಗಿಂತ ಹೆಚ್ಚು. ಗಣಿತದ ಸೇತುವೆ ವಿಷಯವನ್ನು, ಅಂದರೆ ಬ್ರಿಡ್ಜ್ ಕೋರ್ಸನ್ನು, ಹೆಚ್ಚುವರಿಯಾಗಿ ಪಾಸು ಮಾಡಬೇಕಾಗಿ ಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

## ಕಾಲೇಜಿನಿಂದ ಕಾಲೇಜಿಗೆ

ಸುರತ್ಕಲ್‌ನಲ್ಲಿ 62 ಬಂದವನಿಗೆ ಎಬಿ ಕೊಟ್ಟಿದ್ದಾರೆ, ನಮ್ಮಲ್ಲಿ 62ಕ್ಕೆ ಬಿ ಪ್ಲಸ್. ಇದ್ಯಾವ ಲೆಕ್ಕ?

ಎರಡು ಬೇರೆ ಬೇರೆ ಪದ್ಧತಿಗಳು. ವಿಟಿಯುನಂಥ ಕಡೆ ಇರುವುದು ನಿರಪೇಕ್ಷ ಗ್ರೇಡಿಂಗ್: ಪಟ್ಟಿ ಮೊದಲೇ ನಿಗದಿ, ತರಗತಿಯ ಉಳಿದವರು ಹೇಗೆ ಬರೆದರು ಎಂಬುದು ಲೆಕ್ಕಕ್ಕಿಲ್ಲ. ಸುರತ್ಕಲ್ಲಿನ ಎನ್‌ಐಟಿಕೆ, ಕೆಲವು ಐಐಟಿಗಳಂಥ ಸಂಸ್ಥೆಗಳಲ್ಲಿ ಎಎ, ಎಬಿ, ಬಿಬಿ, ಬಿಸಿ ಎಂಬ ಜೋಡಿ ಅಕ್ಷರದ ಗ್ರೇಡುಗಳು ಬಳಕೆಯಲ್ಲಿವೆ; ಅವಕ್ಕೆ 10, 9, 8, 7 ಹೀಗೆ ಇಳಿಯುವ ಅಂಶಗಳು. ಅಲ್ಲಿ ಗಡಿಗಳನ್ನು ಹೆಚ್ಚಾಗಿ ಆ ತರಗತಿಯ ಅಂಕಗಳ ಹರಡುವಿಕೆಯನ್ನು ನೋಡಿ, ಸರಾಸರಿಯಿಂದ ಎಷ್ಟು ದೂರ ಎಂಬ ಆಧಾರದ ಮೇಲೆ ಅಧ್ಯಾಪಕರು ನಿರ್ಧರಿಸುತ್ತಾರೆ. ಪ್ರಶ್ನೆಪತ್ರಿಕೆ ಕಠಿಣವಾಗಿದ್ದು ತರಗತಿಯ ಸರಾಸರಿ 45 ಇದ್ದಾಗ 62 ಎಂಬುದು ಒಳ್ಳೆಯ ಅಂಕ. ಸರಾಸರಿ 70 ಇದ್ದಾಗ ಅದೇ 62 ಸಾಧಾರಣ.

ಸಾಪೇಕ್ಷ ಪದ್ಧತಿ ಕಠಿಣ ಪ್ರಶ್ನೆಪತ್ರಿಕೆಯಿಂದ ವಿದ್ಯಾರ್ಥಿಯನ್ನು ಕಾಪಾಡುತ್ತದೆ. ಆದರೆ ಬುದ್ಧಿವಂತರೇ ತುಂಬಿದ ತರಗತಿಯಲ್ಲಿ ಚೆನ್ನಾಗಿ ಬರೆದವನಿಗೂ ಸಿಸಿ ಬರುವಂತೆ ಮಾಡುತ್ತದೆ, ಮತ್ತು ಪಕ್ಕದವನಿಗೆ ನೋಟ್ಸ್ ಕೊಡಲು ಹಿಂಜರಿಯುವ ಸಣ್ಣತನವನ್ನು ಒಮ್ಮೊಮ್ಮೆ ಬೆಳೆಸುತ್ತದೆ. ನಿರಪೇಕ್ಷ ಪದ್ಧತಿಯಲ್ಲಿ ಆ ಜಗಳವಿಲ್ಲ, ಆದರೆ ಪ್ರಶ್ನೆಪತ್ರಿಕೆ ತೆಗೆದವರ ಮನಸ್ಸಿನ ಮೇಲೆ ಇಡೀ ಬ್ಯಾಚಿನ ಸಂಖ್ಯೆ ನಿಂತಿರುತ್ತದೆ. ಒಂದು ಕಡೆಯ 8.0ನ್ನು ಇನ್ನೊಂದು ಕಡೆಯ 8.0 ಪಕ್ಕ ಇಟ್ಟು ಹೋಲಿಸುವುದಕ್ಕೆ ಯಾವ ಆಧಾರವೂ ಇಲ್ಲ.

ಅಟಾನಮಸ್ ಕಾಲೇಜಿನ ಸಿಜಿಪಿಎಗೆ ಬೆಲೆ ಕಡಿಮೆಯಂತೆ, ಹೌದಾ?

ಬೆಂಗಳೂರಿನ ಆರ್‌ವಿ, ಬಿಎಂಎಸ್, ರಾಮಯ್ಯ ಮುಂತಾದ ಸ್ವಾಯತ್ತ ಎಂಜಿನಿಯರಿಂಗ್ ಕಾಲೇಜುಗಳು ತಮ್ಮದೇ ಪಠ್ಯಕ್ರಮ ರೂಪಿಸಿ ತಾವೇ ಪರೀಕ್ಷೆ ನಡೆಸುತ್ತವೆ, ಪದವಿಯನ್ನು ಕೊಡುವುದು ವಿಟಿಯು. ಪಾಠ ಹೇಳಿದವರೇ ಪ್ರಶ್ನೆಪತ್ರಿಕೆ ತೆಗೆಯುವುದರಿಂದ ಅಂಕ ಸ್ವಲ್ಪ ಹೆಚ್ಚು ಬರುತ್ತದೆ ಎಂಬ ಮಾತು ಚಾಲ್ತಿಯಲ್ಲಿದೆ. ಬಿಗಿಯಾದ ಕಾಲೇಜುಗಳಲ್ಲಿ ಅದು ತಿರುಗುಮುರುಗಾಗಿಯೂ ಇರುತ್ತದೆ. ಅರ್ಜಿಯ ಕಣ್ಣಿನಲ್ಲಿ ಎರಡೂ ಒಂದೇ ವಿಶ್ವವಿದ್ಯಾಲಯದ ಪದವಿ.

ಕಾಲೇಜು ಬದಲಾಯಿಸಿದರೆ ಗಳಿಸಿದ ಕ್ರೆಡಿಟ್ ಏನಾಗುತ್ತೆ? ಎಬಿಸಿ ಐಡಿ ಮಾಡಿಸಿ ಅಂತಾರೆ.

ಎಬಿಸಿ, ಅಂದರೆ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, 2021ರ ಜುಲೈನಲ್ಲಿ ಆರಂಭವಾಯಿತು. ಡಿಜಿಲಾಕರ್ ಮೂಲಕ ಖಾತೆ ತೆರೆದರೆ ನಿಮ್ಮ ಸಂಸ್ಥೆ ನೀವು ಗಳಿಸಿದ ಕ್ರೆಡಿಟ್ಟುಗಳನ್ನು ಅದಕ್ಕೆ ಜಮೆ ಮಾಡುತ್ತದೆ. ಅವು ಸಾಮಾನ್ಯವಾಗಿ ಏಳು ವರ್ಷಗಳವರೆಗೆ ಬಳಕೆಗೆ ಸಿಗುತ್ತವೆ. ಕೇಂದ್ರ ಸರ್ಕಾರದ ಸ್ವಯಂ ಎಂಬ ವೇದಿಕೆಯ ಆನ್‌ಲೈನ್ ಕೋರ್ಸುಗಳ ಕ್ರೆಡಿಟ್ಟೂ ಇಲ್ಲಿಗೆ ಬರಬಹುದು. ಆದರೆ ಜಮೆಯಾಗಿದೆ ಎಂದ ಮಾತ್ರಕ್ಕೆ ಹೊಸ ಕಾಲೇಜು ಎಲ್ಲವನ್ನೂ ಒಪ್ಪಿಕೊಳ್ಳಲೇಬೇಕು ಎಂದಿಲ್ಲ. ಅಲ್ಲಿನ ಪಠ್ಯಕ್ರಮಕ್ಕೆ ಹೊಂದದ ವಿಷಯಗಳನ್ನು ಮತ್ತೆ ಓದಬೇಕಾಗುತ್ತದೆ. ಖಾತೆಯಲ್ಲಿರುವ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವಂತೆಯೇ ಇರಲಿ. ಇನಿಷಿಯಲ್ ಮುಂದೋ ಹಿಂದೋ ಎಂಬ ವ್ಯತ್ಯಾಸಕ್ಕೇ ಜಮೆ ನಿಂತುಹೋಗುವುದುಂಟು.

## ಪರ್ಸೆಂಟಿಗೆ ಬದಲಾಯಿಸುವುದು

ಸಿಜಿಪಿಎನ ಹತ್ತರಿಂದ ಗುಣಿಸಿದರೆ ಪರ್ಸೆಂಟ್ ಬಂತಲ್ಲ? ಈ 0.75 ಕಳೆಯೋದು ಎಲ್ಲಿಂದ ಬಂತು?

ವಿಟಿಯುನ 2015 ಮತ್ತು 2018ರ ಸ್ಕೀಮುಗಳಲ್ಲಿ ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸಬೇಕು. ಎಐಸಿಟಿಇ ಕೊಟ್ಟ ಪಟ್ಟಿಯೂ ಇದಕ್ಕೆ ಹೊಂದುತ್ತದೆ: 6.25 ಅಂದರೆ ಶೇಕಡ 55, 6.75 ಅಂದರೆ 60, 7.25 ಅಂದರೆ 65, 7.75 ಅಂದರೆ 70, 8.25 ಅಂದರೆ 75. ಬೇರೆ ಕೆಲವು ವಿಶ್ವವಿದ್ಯಾಲಯಗಳೂ ಸ್ಕೀಮುಗಳೂ ನೇರವಾಗಿ ಹತ್ತರಿಂದ ಗುಣಿಸುತ್ತವೆ.

ಕಳೆಯುವುದನ್ನು ಶಿಕ್ಷೆ ಎಂದು ಭಾವಿಸುವವರು ಬಹಳ. ಆದರೆ ಲೆಕ್ಕದ ಒಳಗೆ ಇಳಿದು ನೋಡಿದರೆ ಕಳೆಯದಿರುವುದೇ ವಿಚಿತ್ರ. ಎ ಗ್ರೇಡ್ ಸಿಗುವುದು 70ರಿಂದ 79ರವರೆಗೆ ಪಡೆದವರಿಗೆ, ಅದರ ಬೆಲೆ 8. ಎಲ್ಲ ವಿಷಯಗಳಲ್ಲೂ ಎ ಪಡೆದು 8.00 ಸಿಜಿಪಿಎ ಗಳಿಸಿದ ವಿದ್ಯಾರ್ಥಿ ಯಾವ ವಿಷಯದಲ್ಲೂ 80 ಮುಟ್ಟಿರುವುದಿಲ್ಲ. ಹತ್ತರಿಂದ ಗುಣಿಸಿದರೆ ಅವನ ಶೇಕಡಾವಾರು 80 ಎಂದು ಬರುತ್ತದೆ. ಯಾವ ಪತ್ರಿಕೆಯಲ್ಲೂ ಗಳಿಸದ ಅಂಕ ಒಟ್ಟಿನಲ್ಲಿ ಹೇಗೆ ಬಂತು? ಗ್ರೇಡ್ ಅಂಶ 60ರ ಮೇಲಿನ ಪ್ರತಿ ಪಟ್ಟಿಯನ್ನೂ ಅದರ ಮೇಲಂಚಿಗೆ ಏರಿಸುವುದರಿಂದ ಬಂತು. 0.75 ಕಳೆದಾಗ 72.5 ಬರುತ್ತದೆ, ಅದು 70 ಮತ್ತು 79ರ ನಡುವೆ ಇದೆ. ಸೂತ್ರ ತುಸು ಕೈಬಿಗಿ ಇರಬಹುದು, ನಿಜಕ್ಕೆ ಹತ್ತಿರವಿದೆ.

ಎನ್‌ಇಟಿಗೆ ಶೇಕಡ 55 ಬೇಕು. ನನ್ನ ಎಂಸಿಎ ಸಿಜಿಪಿಎ 6.20. ನಾನು ಅರ್ಹನೋ ಅಲ್ಲವೋ?

ನಿಮ್ಮ ವಿಶ್ವವಿದ್ಯಾಲಯದ ಸೂತ್ರ ಯಾವುದು ಎಂಬುದರ ಮೇಲೆ ನಿಂತಿದೆ. ಹತ್ತರಿಂದ ಗುಣಿಸುವ ಕಡೆ 62, ನಿರಾಳ. 0.75 ಕಳೆಯುವ ಕಡೆ 54.5. ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ ಎನ್‌ಇಟಿಯಲ್ಲಿ ಸಾಮಾನ್ಯ ವರ್ಗಕ್ಕೆ ಸ್ನಾತಕೋತ್ತರ ಪದವಿಯಲ್ಲಿ ಬೇಕಾದ 55ನ್ನು ಮೇಲಕ್ಕೆ ಸರಿಹೊಂದಿಸುವಂತಿಲ್ಲ, 54.5ನ್ನು 55 ಎಂದು ಬರೆದು ಪರೀಕ್ಷೆ ಪಾಸಾದರೂ ದಾಖಲೆ ಪರಿಶೀಲನೆಯಲ್ಲಿ ಬೀಳುತ್ತೀರಿ. ಮೀಸಲಾತಿ ವರ್ಗಗಳಿಗೆ ಮಿತಿ 50. ಅಂತರ್ಜಾಲದಲ್ಲಿ ಸಿಗುವ ಕ್ಯಾಲ್ಕುಲೇಟರುಗಳನ್ನು ನಂಬಬೇಡಿ. ಗ್ರೇಡ್ ಕಾರ್ಡಿನ ಹಿಂಬದಿಯಲ್ಲಿ ಸೂತ್ರವಿದೆಯೇ ನೋಡಿ, ಇಲ್ಲವಾದರೆ ಕುಲಸಚಿವರ ಮೌಲ್ಯಮಾಪನ ವಿಭಾಗದಿಂದ ಪರಿವರ್ತನಾ ಪ್ರಮಾಣಪತ್ರ ಪಡೆಯಿರಿ. ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಗೆ ಇಂಥ ಕನಿಷ್ಠ ಅಂಕದ ಷರತ್ತೇ ಇಲ್ಲ, ಪದವಿ ಇದ್ದರೆ ಸಾಕು.

ಪ್ಲೇಸ್‌ಮೆಂಟ್‌ಗೆ ಬರೋ ಕಂಪನಿಗಳು ಸಿಜಿಪಿಎಗೆ ಎಷ್ಟು ಬೆಲೆ ಕೊಡ್ತಾರೆ?

ಬಾಗಿಲು ದಾಟುವವರೆಗೆ ಬಹಳ, ದಾಟಿದ ಮೇಲೆ ಕಡಿಮೆ. ಎಸ್‌ಎಸ್‌ಎಲ್‌ಸಿ, ಪಿಯುಸಿ, ಪದವಿ ಮೂರರಲ್ಲೂ ಶೇಕಡ 60 ಎಂಬುದು ದೊಡ್ಡ ಸಂಖ್ಯೆಯಲ್ಲಿ ನೇಮಿಸಿಕೊಳ್ಳುವ ಸಾಫ್ಟ್‌ವೇರ್ ಕಂಪನಿಗಳಲ್ಲಿ ಹಳೆಯ ರೂಢಿ. ಕೆಲವರು ಏಳು, ಏಳೂವರೆ ಎನ್ನುತ್ತಾರೆ. ಸಾವಿರಾರು ಅರ್ಜಿಗಳನ್ನು ಓದಲಾರದವರು ಹಿಡಿಯುವ ಜರಡಿ ಅದು. "ಆ್ಯಕ್ಟಿವ್ ಬ್ಯಾಕ್‌ಲಾಗ್ ಇರಬಾರದು" ಎಂದರೆ ಇವತ್ತಿಗೆ ಬಾಕಿ ಇರಬಾರದು ಎಂದಷ್ಟೇ. "ಬ್ಯಾಕ್‌ಲಾಗ್ ಹಿಸ್ಟರಿ ಇರಬಾರದು" ಎಂದರೆ ಹಿಂದೆ ಇದ್ದು ತೀರಿಸಿದ್ದೂ ಇರಬಾರದು. ಎರಡನ್ನೂ ಒಂದೆಂದು ಓದಿಕೊಂಡು ಅರ್ಜಿ ಹಾಕದೇ ಬಿಟ್ಟವರೂ ಇದ್ದಾರೆ, ಆಫರ್ ಕಳೆದುಕೊಂಡವರೂ ಇದ್ದಾರೆ.

## ಹೊರದೇಶಕ್ಕೆ ಅರ್ಜಿ ಹಾಕುವವರಿಗೆ

ಅಮೆರಿಕದ 4.0ಗೆ ಬದಲಾಯಿಸೋಕೆ 10ಕ್ಕೆ 4 ಅಂತ ತ್ರೈರಾಶಿ ಹಾಕಿದರೆ ಸಾಕಾ?

ಹಾಕಬೇಡಿ, ನಿಮಗೇ ನಷ್ಟ. ಆ ಲೆಕ್ಕದಲ್ಲಿ 8.00 ಎಂಬುದು 3.2 ಆಗುತ್ತದೆ. ಅಮೆರಿಕದಲ್ಲಿ ಎಗೆ 4.0, ಎ ಮೈನಸ್‌ಗೆ 3.7, ಬಿ ಪ್ಲಸ್‌ಗೆ 3.3, ಬಿಗೆ 3.0 ಎಂಬುದು ಸಾಮಾನ್ಯ ಕ್ರಮ; ಅಲ್ಲಿ ಶೇಕಡ 90ರ ಸುತ್ತ ಪಡೆಯುವುದು ಎ ಎನಿಸಿದರೆ ನಮ್ಮಲ್ಲಿ 60ಕ್ಕೇ ಪ್ರಥಮ ದರ್ಜೆ. ಈ ವ್ಯತ್ಯಾಸ ಗೊತ್ತಿರುವ ಡಬ್ಲ್ಯುಇಎಸ್‌ನಂಥ ಮೌಲ್ಯಮಾಪನ ಸಂಸ್ಥೆಗಳು ಒಂದೊಂದು ವಿಷಯವನ್ನೂ ಪ್ರತ್ಯೇಕವಾಗಿ ಅಮೆರಿಕದ ಗ್ರೇಡಿಗೆ ತಂದು ಆಮೇಲೆ ಸರಾಸರಿ ತೆಗೆಯುತ್ತವೆ. ಬಹಳಷ್ಟು ವಿಶ್ವವಿದ್ಯಾಲಯಗಳು ನೀವೇ ಪರಿವರ್ತಿಸಬೇಡಿ, ನಿಮ್ಮ ಮಾಪಕದಲ್ಲಿಯೇ ಬರೆಯಿರಿ ಎಂದು ಹೇಳುತ್ತವೆ. ಹಾಗಿದ್ದಾಗ ಹತ್ತಕ್ಕೆ ಇಷ್ಟು ಎಂದು ಬರೆದು ಬಿಡುವುದೇ ಸರಿ.

ಜರ್ಮನಿಯವರು ಬವೇರಿಯನ್ ಫಾರ್ಮುಲಾ ಅಂತಾರೆ. ನನ್ನ 8.00 ಅಲ್ಲಿ ಎಷ್ಟು?

ಜರ್ಮನಿಯ ಮಾಪಕ ತಲೆಕೆಳಗು: 1.0 ಅತ್ಯುತ್ತಮ, 4.0 ಕನಿಷ್ಠ ತೇರ್ಗಡೆ. ನಿಮ್ಮ ಮಾಪಕದ ಗರಿಷ್ಠದಿಂದ ನಿಮ್ಮ ಸಂಖ್ಯೆಯನ್ನು ಕಳೆಯಿರಿ. ಅದನ್ನು ಗರಿಷ್ಠ ಮತ್ತು ಕನಿಷ್ಠ ತೇರ್ಗಡೆಗಳ ಅಂತರದಿಂದ ಭಾಗಿಸಿರಿ. ಮೂರರಿಂದ ಗುಣಿಸಿ ಒಂದು ಕೂಡಿಸಿರಿ. ಗರಿಷ್ಠ 10, ಕನಿಷ್ಠ 4 ಎಂದಾದರೆ ನಿಮ್ಮ 8.00 ಸರಿಯಾಗಿ 2.0 ಆಗುತ್ತದೆ. ಇಲ್ಲಿ ಎಡವುವುದು ಕನಿಷ್ಠದಲ್ಲಿ. ಅದೇ 4ರ ಬದಲು 5 ಎಂದು ಹಿಡಿದರೆ 2.2. ಪ್ರವೇಶಕ್ಕೆ 2.0 ಅಥವಾ 2.5 ಎಂಬ ಗೆರೆ ಎಳೆದಿರುವ ಕಡೆ ಇಷ್ಟು ಅಂತರ ಸಾಕು. ಆದ್ದರಿಂದ ಗ್ರೇಡ್ ಪಟ್ಟಿಯ ಜೊತೆಗೆ ಕನಿಷ್ಠ ತೇರ್ಗಡೆಯ ಅಂಶವನ್ನು ಸ್ಪಷ್ಟವಾಗಿ ಹೇಳುವ ವಿಶ್ವವಿದ್ಯಾಲಯದ ಪತ್ರವನ್ನೂ ಲಗತ್ತಿಸಿ.

ಅಣ್ಣ ಐಐಎಸ್‌ಸಿಯಲ್ಲಿ ಓದಿದ್ದು, ಅವನ ಹಳೆಯ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ 6.8 ಇದೆ. ಈಗ ಕೆನಡಾಕ್ಕೆ ಕಳಿಸಿದರೆ ಕಡಿಮೆ ಅನ್ನಲ್ವಾ?

ಅದು ಹತ್ತಕ್ಕೆ 6.8 ಆಗಿರಲಾರದು, ಎಂಟಕ್ಕೆ ಇರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹತ್ತರ ಮಾಪಕ ಬರುವ ಮುನ್ನ ಎಂಟರ ಮಾಪಕವಿತ್ತು. ಎಸ್ ಗ್ರೇಡಿಗೆ 8, ಎಗೆ 7, ಬಿಗೆ 6. ಎಂಟಕ್ಕೆ 6.8 ಎಂದರೆ ಹೆಚ್ಚುಕಡಿಮೆ ಎಲ್ಲ ವಿಷಯಗಳಲ್ಲೂ ಎ ಹತ್ತಿರದ ಫಲಿತಾಂಶ. ಟ್ರಾನ್ಸ್‌ಕ್ರಿಪ್ಟಿನ ಕೊನೆಯ ಪುಟದಲ್ಲೋ ಹಿಂಬದಿಯಲ್ಲೋ ಮಾಪಕದ ವಿವರಣೆ ಅಚ್ಚಾಗಿರುತ್ತದೆ. ಸ್ಕ್ಯಾನ್ ಮಾಡುವಾಗ ಜನ ಮರೆಯುವುದು ಆ ಪುಟವನ್ನೇ. ಅದನ್ನೂ ಸೇರಿಸಿ, ಅರ್ಜಿಯಲ್ಲಿ "ಗರಿಷ್ಠ ಎಷ್ಟು" ಎಂದು ಕೇಳುವ ಕಡೆ 8 ಎಂದು ತುಂಬಲು ಹೇಳಿ.